ಕಟಕಟೆಯಲ್ಲಿ ಗಂಡನ ಹೆಸರು

ಕುರಿ ರೊಪ್ಪಕ್ಕೆ ನುಗ್ಗಿದ ಹುಚ್ಚುನಾಯಿ ಕಚ್ಚಿದ್ದು ಜುಂಜಮ್ಮನ ಮೊಣಕೈಗೆ. ಹೋದದ್ದು ಮಾತ್ರ ಕಾಲು. ಸೂಜಿ ಹಾಕಿಸದಿದ್ದರೆ ಜೀವವೇ ಉಳಿಯುತ್ತಿರಲಿಲ್ಲ, ನಿಜ. ಹೊಕ್ಕುಳ ಸುತ್ತ ದಿನಕ್ಕೊಂದರಂತೆ ಹದಿನಾಲ್ಕು. ಹನ್ನೆರಡನೆಯ ದಿನವೇ ಪಾದ ಜುಮ್ಮೆನ್ನುತ್ತಿದೆ ಎಂದಿದ್ದಳು. “ಬಿಸಿಲಲ್ಲಿ ನಡೆದಿದ್ದೀಯ, ಅಷ್ಟೇ ಬಿಡು,” ಎಂದಿದ್ದ ಕಂಪೌಂಡರು. ಎಲ್ಲ ಮುಗಿದ ಮೂರನೇ ದಿನ ಎದ್ದು ನಿಲ್ಲಲಾಗಲಿಲ್ಲ. ಔಷಧ ಒಗ್ಗದೆ ನರಕ್ಕೆ ಪೆಟ್ಟು ಬಿದ್ದಿದೆಯೆಂದು ಬೆಂಗಳೂರಿನ ಡಾಕ್ಟರು ಬರೆದುಕೊಟ್ಟರು. ಅದು ಎಪ್ಪತ್ತೆಂಟರ ಮಾತು.

ಮಧುಗಿರಿಯ ವಕೀಲ ರೇಣುಕಯ್ಯನವರು ಪರಿಹಾರಕ್ಕೆ ಸರ್ಕಾರದ ಮೇಲೆ ದಾವೆ ಹೂಡಿದರು. ಮೂರು ವರ್ಷ ತಾರೀಕಿನ ಮೇಲೆ ತಾರೀಕು. ಪ್ರತಿ ಸಲವೂ ಗಂಡ ಬೋರಪ್ಪ ಅವಳನ್ನು ಐ.ಡಿ.ಹಳ್ಳಿ ಬಸ್ಸಿನಿಂದ ಎತ್ತಿ ಇಳಿಸಬೇಕು. ಕೊನೆಗೂ ಆಸ್ಪತ್ರೆಯ ರಿಜಿಸ್ಟರು ಬಂದಾಗ ವಕೀಲರು ಹಣೆ ಚಚ್ಚಿಕೊಂಡರು. ಬರೆದಿದ್ದದ್ದು: ಜುಂಜಮ್ಮ, ಗಂಡ ಕ್ಯಾತಣ್ಣ.

“ಯಾರಮ್ಮ ಈ ಕ್ಯಾತಣ್ಣ?”

“ನಮ್ಮಣ್ಣ, ಸ್ವಾಮಿ. ಸೂಜಿಗೆ ಕರ್ಕಂಡೋಗಿದ್ದ.”

“ಗಂಡನ ಹೆಸರು ಕೇಳಿದ್ರೆ ಅಣ್ಣನ ಹೆಸರು ಬರೆಸ್ತಾರೇನಮ್ಮ?”

“ಕಟ್ಕಂಡೋನ ಹೆಸ್ರು ಬಾಯಾಗೆ ಹೆಂಗೇಳಾದು? ನಾನು ಸುಮ್ಕೆ ನಿಂತ್ಕಂಡೆ. ಜೊತೇಲಿದ್ದೋನ ಹೆಸ್ರು ಕೇಳಿ ಅವ್ರೇ ಬರ್ಕಂಡ್ರು.”

ಹಟ್ಟಿಗೆ ನಾಲ್ವರು ಜುಂಜಮ್ಮಂದಿರು. ಸೂಜಿ ಚುಚ್ಚಿಸಿಕೊಂಡವಳು ತಾನೇ ಎಂದು ಈಗ ಅವಳು ರುಜುವಾತು ಮಾಡಬೇಕು. ಕ್ಯಾತಣ್ಣ ಬಂದು ಸಾಕ್ಷಿ ಹೇಳಿದ. ಒಡಹುಟ್ಟಿದವನು ಇನ್ನೇನು ಹೇಳುತ್ತಾನೆ ಎಂದು ಸರ್ಕಾರಿ ವಕೀಲರು ತಳ್ಳಿಹಾಕಿದರು. ಆಮೇಲೆ ಅವಳ ಸರದಿ. ಬಾಗಿಲಲ್ಲಿ ಬೋರಪ್ಪ ನಿಂತಿದ್ದ. ಹದಿನೆಂಟು ವರ್ಷದ ಸಂಸಾರದಲ್ಲಿ ಒಮ್ಮೆಯೂ ಆಡದ ಹೆಸರನ್ನು, ನೆಲ ನೋಡುತ್ತಾ ಹೇಳಿದಳು.

“ಬೋರಪ್ಪ.”

ಸರ್ಕಾರಿ ವಕೀಲರು ನಕ್ಕರು. “ಅವತ್ತು ಬಾರದ ಹೆಸರು, ಪರಿಹಾರ ಅಂದ ಕೂಡಲೇ ಬಂತೇನಮ್ಮ?”

ಎರಡು ತಿಂಗಳಿಗೆ ದಾವೆ ವಜಾ ಆಯಿತು. ಮೇಲಿನ ಕೋರ್ಟಿಗೆ ಹೋಗಬಹುದು ಎಂದರು ರೇಣುಕಯ್ಯ.

“ಸಾಕು ಬುಡ್ರಿ ಸ್ವಾಮಿ,” ಎಂದ ಬೋರಪ್ಪ. “ಕೋರ್ಟಾಗೆ ಗಂಡನ ಹೆಸ್ರು ಕೂಗಿದ್ಲಂತೆ ಅಂತ ಹಟ್ಟಿ ತುಂಬಾ ನಗ್ತಾವ್ರೆ. ನನ್ ಮರ್ವಾದೆ ಹೋಗಿದ್ದೇ ಬಂತು.”

“ನಿಂದು ಮರ್ವಾದೆ ಹೋಯ್ತು, ನಂದು ಕಾಲು ಹೋಯ್ತು. ಯಾವ್ದು ದೊಡ್ಡದು, ನೀನೇ ಹೇಳು!” ಜುಂಜಮ್ಮ ವಕೀಲರ ಕಡೆ ತಿರುಗಿದಳು. “ಹಾಕಿ ಸ್ವಾಮಿ ಮೇಲಕ್ಕೆ. ಬರ್ಕಳಿ: ಜುಂಜಮ್ಮ, ಗಂಡ ಬೋರಪ್ಪ. ಎಲ್ಲಿ, ಓದೇಳಿ ಒಂದ್ಸಲ.”