ತಪ್ಪಿನ ಮುಂದೆ ಹೆಸರು ಬೇಡ

ಮಸ್ಕಿಯ ಹತ್ತಿರ ಉಪಕಾಲುವೆಯ ಮೇಲೆ ನಮ್ಮ ಕಂಪನಿ ಕಟ್ಟಿದ್ದ ಸಣ್ಣ ಸೇತುವೆಯ ಪಕ್ಕದ ಗೋಡೆ, ಕಾಲುವೆಗೆ ನೀರು ಬಿಟ್ಟ ಕೆಲವೇ ದಿನಗಳಲ್ಲಿ ಮೇಲಿನಿಂದ ಕೆಳಗಿನವರೆಗೆ ಸೀಳಿತು. ತೊಂಬತ್ತರ ದಶಕದ ನಡುವಿನ ಮಾತು. ನಾನಾಗ ಕಂಪನಿಯ ಲಿಂಗಸುಗೂರು ಆಫೀಸಿನಲ್ಲಿ ನಕ್ಷೆ ಬರೆಯುವ, ಅಂದಾಜು ಹಾಕುವ ಕೆಲಸದಲ್ಲಿದ್ದೆ. ಸಿವಿಲ್ ಡಿಪ್ಲೊಮಾ ಮುಗಿಸಿದ್ದರೂ ನನ್ನನ್ನು ಸೈಟಿಗೆ ಕಳಿಸುತ್ತಿರಲಿಲ್ಲ. "ಹೆಣ್ಮಗಳು ನೀ, ಬಿಸಲಾಗ ಎಲ್ಲಿ ನಿಲ್ತಿ?" ಎಂದು ನಾನು ಸೇರಿದ ದಿನವೇ ಮ್ಯಾನೇಜರ್ ಸಾಹೇಬರು ಹೇಳಿದ್ದರು. ಹಟ್ಟಿಯಲ್ಲಿ ಹುಟ್ಟಿ ಬೆಳೆದವಳಿಗೆ ಬಿಸಿಲಿನ ಮಾತು! ಹೊಸ ನೌಕರಿ, ತೋರಿಸಿದ ಮೇಜಿಗೆ ಹೋಗಿ ಕೂತಿದ್ದೆ.

ಸೀಳಿದ ಗೋಡೆಯ ನಕ್ಷೆಯನ್ನು ನಾನು ಮತ್ತೆ ಬರೆಯುತ್ತಿದ್ದಾಗ ಸಿಂಧನೂರು ಸೈಟಿನ ಎಂಜಿನಿಯರು ಬಂದರು. ಸಿಂಧನೂರು, ಮಸ್ಕಿ ಎರಡೂ ಸೈಟಿನವರು ಶನಿವಾರ ಖರ್ಚಿನ ಬಿಲ್ಲು ಹಿಡಿದುಕೊಂಡು ನಮ್ಮ ಆಫೀಸಿಗೆ ಬರುವುದು ರೂಢಿ. ವಯಸ್ಸಿನಲ್ಲಿ ಹಿರಿಯರಾದ ಅವರನ್ನು ನಾನು ಅಣ್ಣಾ ಎನ್ನುತ್ತಿದ್ದೆ. ಅವರು ಬಗ್ಗಿ ನಕ್ಷೆ ನೋಡಿದರು.

"ಇದು ಹ್ಯಾಂಗ ಸೀಳ್ತು?"

"ಗೋಡಿ ಹಿಂದ ತುಂಬಿದ ಮೊರಂ ಮಣ್ಣು ನೀರು ಕುಡದು ಉಬ್ಬೈತಂತ್ರಿ."

"ಯಾವ ಗುಡ್ಡದ ಮೊರಂ?"

ಹೇಳಿದೆ. ಅವರು ಹಣೆ ಹಿಡಿದುಕೊಂಡರು. "ಅಯ್ಯ ತಂಗಿ, ಹೋದ ವರ್ಷ ಗೊರೇಬಾಳದ ಕೆಲಸಕ್ಕ ನಾವೂ ಅದ ಮೊರಂ ತಂದು ಹಿಂಗ ಗೋಡಿ ಒಡಿಸ್ಕೊಂಡೀವಿ. ನೋಡಾಕ ಕೆಂಪಗ ಚಂದ ಐತಿ. ನೀರು ಬಿತ್ತಂದ್ರ ಜೇಡಿಮಣ್ಣು ಆಗಿಬಿಡ್ತೈತಿ."

"ಮತ್ತ ಮಸ್ಕಿಯವರಿಗೆ ಹೇಳಬೇಕಿಲ್ಲೇನ್ರಿ ಅಣ್ಣಾ?"

"ಯಾರು ಕೇಳಿದ್ರು? ಕೇಳದ ಹೋಗಿ ಹೇಳಿದ್ರ, ಗೋಡಿ ಒಡದಾವ ಇವನ ಅಂತ ನನ್ನ ಕೊರಳಿಗೆ ಬರತಿತ್ತು."

ಸಿಂಧನೂರಿಗೂ ಮಸ್ಕಿಗೂ ಎಷ್ಟು ದೂರ? ದಿನವಿಡೀ ಬಸ್ಸು ಓಡಾಡುವ ದಾರಿ ಅದು. ಆ ದಾರಿಯಲ್ಲಿ ಒಂದು ಮಾತು ಬರಲಿಲ್ಲವೆಂದು ಗೋಡೆ ಎರಡು ಸಲ ಒಡೆದಿತ್ತು. ನನಗೆ ಅಣ್ಣನ ಮೇಲೆ ಸಿಟ್ಟು ಬರಲಿಲ್ಲ, ಅವರ ಬಾಯಿ ಕಟ್ಟಿದ್ದ ಭಯದ ಮೇಲೆ ಬಂತು. ನಮ್ಮಪ್ಪ ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸ ಮಾಡುತ್ತಿದ್ದರು. ಎಂಬತ್ತರ ದಶಕದಲ್ಲಿ, ನಾನು ಶಾಲೆಗೆ ಹೋಗುವಾಗ, ಶಿಫ್ಟು ಮುಗಿಸಿ ಬಂದವರು ತುತ್ತು ಬಾಯಿಗಿಡುವ ಮೊದಲೇ ಎದ್ದು ಹೊರಗೆ ಹೋದದ್ದು ನೆನಪಿದೆ. ಕೆಳಗೆ ಒಂದು ಕಡೆ ಕಲ್ಲು ಸಡಿಲಾದದ್ದನ್ನು ಮುಂದಿನ ಶಿಫ್ಟಿನವನಿಗೆ ಹೇಳುವುದು ಮರೆತಿದ್ದರಂತೆ. ಅವ್ವ ತಾಟು ಮುಚ್ಚಿಟ್ಟು ಕಾಯುತ್ತ ಕೂತಿದ್ದಳು. ಹಾಗೆ ಹೇಳಿಬರುವುದು ನಮ್ಮ ಕ್ವಾರ್ಟರ್ಸಿನಲ್ಲಿ ದೊಡ್ಡ ಸಂಗತಿಯೇ ಆಗಿರಲಿಲ್ಲ.

ಆಫೀಸಿನಲ್ಲಿ ಒಂದು ಕಂಪ್ಯೂಟರ್ ಇತ್ತು. ಅದಕ್ಕೊಂದು ಹೂವಿನ ಬಟ್ಟೆ ಹೊದಿಸಿ, ಬಿಲ್ಲು ಟೈಪು ಮಾಡುವಾಗ ಮಾತ್ರ ತೆಗೆಯುತ್ತಿದ್ದರು. ಬಸ್‌ಸ್ಟ್ಯಾಂಡಿನ ಎದುರಿನ ಮಹಡಿಯಲ್ಲಿ ಹೊಸದಾಗಿ ಕಂಪ್ಯೂಟರ್ ಕ್ಲಾಸು ಶುರುವಾಗಿತ್ತು. ಹಟ್ಟಿಯ ಬಸ್ಸು ಬರುವವರೆಗಿನ ಸಂಜೆ ಹೊತ್ತಿನಲ್ಲಿ ಅಲ್ಲಿ ಪ್ರೋಗ್ರಾಮ್ ಬರೆಯುವುದನ್ನು ಕಲಿತಿದ್ದೆ. ಮೂರೂ ಕಡೆಯವರು ತಮಗೆ ತಿಳಿದದ್ದನ್ನು ಹಾಕಿ, ಬೇಕಾದಾಗ ಹುಡುಕಿ ತೆಗೆಯುವಂಥದ್ದೊಂದನ್ನು ಮಾಡಬೇಕು ಎನಿಸಿತು. ಈಗಿನವರು ಅದನ್ನು ಆಪ್ ಎಂದಾರು. ಆಗ ನಮ್ಮಲ್ಲಿ ಅದಕ್ಕೆ ಹೆಸರೇ ಇರಲಿಲ್ಲ. ಬಿಲ್ಲಿನ ಕೆಲಸ ನಿಲ್ಲಬಾರದು ಎಂಬ ಮಾತಿನ ಮೇಲೆ ಮ್ಯಾನೇಜರ್ ಸಾಹೇಬರು ಒಪ್ಪಿದರು.

ಮೊದಲು ಮಾಡಿದ್ದು ಕೆಟ್ಟದ್ದಾಗಿತ್ತು. ನನಗೆ ಗೊತ್ತಿದ್ದ ಪ್ರಶ್ನೆಗಳನ್ನೆಲ್ಲ ಪರದೆಯ ಮೇಲೆ ತುಂಬಿದ್ದೆ: ಕೆಲಸದ ನಂಬರು, ತಾರೀಕು, ಸಿಮೆಂಟಿನ ಜಾತಿ, ಮೇಸ್ತ್ರಿ ಯಾರು, ಜವಾಬ್ದಾರಿ ಯಾರದು. ಅಣ್ಣ ಅರ್ಧ ತುಂಬಿ ಕೈ ಎತ್ತಿಬಿಟ್ಟರು. "ತಂಗಿ, ಇದೇನು ಪೊಲೀಸ್ ಠಾಣೆ ಏನು? ನಾ ಕಳುವು ಮಾಡಿಲ್ಲವ್ವ."

ಅವರು ನಕ್ಕೇ ಹೇಳಿದ್ದು, ನನಗೆ ಮಾತ್ರ ತಾಗಿತು. ಎಲ್ಲ ಅಳಿಸಿ ನಾಲ್ಕೇ ಪ್ರಶ್ನೆ ಉಳಿಸಿದೆ. ಎಲ್ಲಿ, ಏನಾಯಿತು, ನೀವೇನು ಮಾಡಿದಿರಿ, ಮುಂದೆ ಮಾಡುವವರು ಏನು ನೋಡಿಕೊಳ್ಳಬೇಕು. ಯಾರು ಎಂಬುದನ್ನು ಕಿತ್ತುಹಾಕಿದೆ. ಮೊರಂ ಎಂದು ಟೈಪು ಮಾಡಿದರೆ ಮೊರಂ ಬಗ್ಗೆ ಯಾರು ಏನೇ ಹಾಕಿದ್ದರೂ ಒಂದರ ಕೆಳಗೊಂದು ಬರುತ್ತಿತ್ತು.

ಅಣ್ಣ ನಾಲ್ಕೂ ಪ್ರಶ್ನೆಗಳನ್ನು ಬೆರಳಿಟ್ಟು ಓದಿದರು. "ಹೆಸರು ಕೇಳಂಗಿಲ್ಲೇನು ಇದು?"

"ಇಲ್ರಿ. ಎಂದೂ ಕೇಳಂಗಿಲ್ಲ. ನಾ ಮಾತು ಕೊಡ್ತೀನಿ."

ಗೊರೇಬಾಳದ ಗೋಡೆಯ ಕಥೆಯನ್ನು ಅವರೇ ಕೂತು ಒಂದೊಂದೇ ಅಕ್ಷರ ಒತ್ತಿ ಹಾಕಿದರು. ಮಸ್ಕಿಯ ಎಂಜಿನಿಯರು, ಮಾತು ಕಡಿಮೆಯ ಹುಬ್ಬಳ್ಳಿಯವರು, ಅದನ್ನು ಓದಿ ಖುರ್ಚಿ ಎಳೆದುಕೊಂಡು ತಮ್ಮದನ್ನೂ ಹಾಕಿದರು. ಕಾಲುವೆ ದಂಡೆಯಲ್ಲಿಟ್ಟು ಗಟ್ಟಿಯಾದ ಸಿಮೆಂಟು ಚೀಲ, ಹಸಿ ಹಲಗೆಯಿಂದ ಸೊಟ್ಟಗಾದ ಕಂಬ, ಎಲ್ಲ ಒಂದೊಂದಾಗಿ ಹೊರಬಂದವು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕಿತ್ತು. ಹಾಗಾಗಿ ಸಿಂಧನೂರಿನವರು ಕಲ್ಲು ಸಾಲದೆ ಕೆಲಸ ನಿಂತಿತು ಎಂದು ಹಾಕಿದ್ದನ್ನು ಮಸ್ಕಿಯವರು ಕಳ್ಳು ಸಾಲದೆ ಕೆಲಸ ನಿಂತಿತು ಎಂದು ಗಟ್ಟಿಯಾಗಿ ಓದಿದರು. ಆ ಶನಿವಾರ ಆಫೀಸಿನಲ್ಲಿ ನಕ್ಕ ನಗು ಮ್ಯಾನೇಜರ್ ಸಾಹೇಬರ ಕೋಣೆಗೂ ಕೇಳಿಸಿತು.

ಅವರು ಹೊರಗೆ ಬಂದು ನಿಂತು ಓದಿದರು. ಮೊದಲು ಖುಷಿಪಟ್ಟರು. ಎಲ್ಲರೂ ಹೋದ ಮೇಲೆ ನನ್ನನ್ನು ಕರೆದರು.

"ಚಲೋ ಮಾಡಿದಿ. ಆದ್ರ ಇದರಾಗ ಯಾರ ತಪ್ಪು ಅಂತ ಇಲ್ಲಲ್ಲ? ಹೆಸರಿಂದೊಂದು ಕಾಲಂ ಹಾಕು."

"ಹೆಸರು ಹಾಕಿದ್ರ ಯಾರೂ ಬರಿಯಂಗಿಲ್ರಿ ಸರ್."

"ಬರೀದಿದ್ರ ಬರಸ್ತೀನಿ. ಕಂಪನಿ ಸಾವ್ಕಾರ್ರು ರಾಯಚೂರಿಂದ ಬರಾಕತ್ತಾರ. ಯಾರು ಎಲ್ಲಿ ಕೆಡಿಸ್ಯಾರ ಅಂತ ಅವರ ಮುಂದ ಇಡಬೇಕು."

"ಹೆಸರು ಕೇಳಂಗಿಲ್ಲ ಅಂತ ನಾ ಅವರಿಗೆ ಮಾತು ಕೊಟ್ಟೀನ್ರಿ."

"ನೀ ಯಾರವ್ವ ಮಾತು ಕೊಡಾಕಿ? ಸೋಮವಾರ ಆ ಕಾಲಂ ಇರಬೇಕು. ಒಂದು ಹೆಸರೂ ಖಾಲಿ ಇರಬಾರದು. ಆಗಂಗಿಲ್ಲ ಅಂದ್ರ ಖುರ್ಚಿ ಬಿಡು."

ಹಟ್ಟಿಯ ಬಸ್ಸಿನಲ್ಲಿ ಕೂತಾಗ ನನಗಾಗುತ್ತಿದ್ದದ್ದು ಭಯವೆಂದು ನಾನೇ ಅಂದುಕೊಂಡೆ. ಮನೆ ಮುಟ್ಟುವಷ್ಟರಲ್ಲಿ ಅದು ಭಯವಲ್ಲ, ಸಿಟ್ಟೆಂದು ತಿಳಿಯಿತು. ಆ ಪ್ರೋಗ್ರಾಮನ್ನು ಅಳಿಸಿಹಾಕಬಹುದಿತ್ತು. ಯಾಕೆ ಅಳಿಸಲಿ? ಅದು ಚೆನ್ನಾಗಿತ್ತು. ನೌಕರಿ ಬಿಡಬಹುದಿತ್ತು. ಯಾಕೆ ಬಿಡಲಿ?

ಸೋಮವಾರ ಎಲ್ಲರಿಗಿಂತ ಮೊದಲು ಹೋಗಿ, ಹೂವಿನ ಬಟ್ಟೆ ಸರಿಸಿ, ಹೆಸರಿನ ಕಾಲಂ ಮಾಡಿದೆ. ಹುಕುಂ ಆದ ಹಾಗೆ ಒಂದೂ ಖಾಲಿ ಬಿಡದೆ ತುಂಬಿದೆ. ಪ್ರಿಂಟು ತೆಗೆದು ಮ್ಯಾನೇಜರ್ ಸಾಹೇಬರ ಮೇಜಿನ ಮೇಲಿಟ್ಟೆ. ಅವರು ತಿರುಗಿಸಿ ನೋಡುವ ಮೊದಲೇ ಸಾವ್ಕಾರರ ಜೀಪು ಬಂದು ನಿಂತಿತು.

ಸಾವ್ಕಾರರು ಕನ್ನಡಕ ಹಾಕಿಕೊಂಡು ಒಂದು ಹಾಳೆ ಓದಿದರು, ಇನ್ನೊಂದು ಓದಿದರು. ಆಮೇಲೆ ತಲೆಯೆತ್ತಿ, "ಈ ಹುಡುಗಿ ಯಾರು?" ಎಂದರು.

ನಾನು ಬಾಗಿಲಲ್ಲೇ ಇದ್ದೆ. "ನಾನ್ರಿ."

"ಗೊರೇಬಾಳದ ಗೋಡಿ ನೀ ಒಡದಿ. ಮಸ್ಕಿ ಗೋಡಿನೂ ನೀ ಒಡದಿ. ಸಿಮೆಂಟು ನೀ ಕೆಡಿಸಿದಿ, ಕಂಬ ನೀ ಸೊಟ್ಟ ಮಾಡಿದಿ. ಎಲ್ಲಾದಕ್ಕೂ ನಿನ್ನ ಹೆಸರ ಐತಲ್ಲ?"

"ಹೌದ್ರಿ."

"ಇವಕ್ಕೆಲ್ಲ ನಿಂತು ಕೆಲಸ ಮಾಡ್ಸಿದಾಕಿ ನೀನ?"

"ನನ್ನ ಇನ್ನಾ ಸೈಟಿಗೇ ಕಳಿಸಿಲ್ರಿ ಸಾವ್ಕಾರ್ರ."

ಮ್ಯಾನೇಜರ್ ಸಾಹೇಬರ ಮುಖ ಕಪ್ಪಿಟ್ಟಿತು. ಬೇಕಾದರೆ ಆಗಲೇ ನನ್ನನ್ನು ತೆಗೆದುಹಾಕಬಹುದಿತ್ತು. ನಾನು ತಲೆ ಬಗ್ಗಿಸಲಿಲ್ಲ. "ತಪ್ಪು ಏನು ಅಂತ ಬೇಕಾದ್ರ ಅದರಾಗ ಎಲ್ಲಾ ಐತ್ರಿ. ಯಾರು ಅಂತ ಬೇಕಾದ್ರ ನನ್ನ ಹೆಸರು ಬಿಟ್ರ ಬ್ಯಾರೆ ಹೆಸರು ನಾ ಹಾಕಂಗಿಲ್ರಿ" ಎಂದೆ.

ಸಾವ್ಕಾರರು ನಗಲಿಲ್ಲ, ಬೈಯಲೂ ಇಲ್ಲ. ಹಾಳೆಗಳನ್ನು ಮಡಿಚಿ ಜೇಬಿಗಿಟ್ಟುಕೊಂಡರು. "ಇಷ್ಟು ತಪ್ಪು ಮಾಡಿದಾಕಿ ಆಫೀಸಿನ್ಯಾಗ ಯಾಕ ಕೂತಾಳ? ಮಸ್ಕಿ ಗೋಡಿ ಈಕಿ ಕೈಲೇ ಕಟ್ಟಸ್ರಿ" ಎಂದು ಮ್ಯಾನೇಜರ್ ಸಾಹೇಬರಿಗೆ ಹೇಳಿ ಎದ್ದರು. ಅದು ಶಿಕ್ಷೆಯೋ ಬಡ್ತಿಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಮ್ಯಾನೇಜರ್ ಸಾಹೇಬರು ಅದನ್ನು ಶಿಕ್ಷೆ ಎಂದೇ ಆರ್ಡರಿನಲ್ಲಿ ಬರೆದರು. ಕಂಪ್ಯೂಟರ್ ಮುಟ್ಟಬಾರದೆಂದೂ ಸೇರಿಸಿದರು.

ಮುಂದಿನ ಶನಿವಾರ ಅಣ್ಣ ಲಿಂಗಸುಗೂರಿಗೆ ಹೋಗಿ ಒಂದು ಮುರಿದ ಪೈಪಿನ ಸಂಗತಿ ಹಾಕಿ, ಹೆಸರಿನ ಕಾಲಂನಲ್ಲಿ ನನ್ನ ಹೆಸರು ಒತ್ತಿ ಬಂದರಂತೆ. ಹುಬ್ಬಳ್ಳಿಯವರೂ ಹಾಗೇ ಮಾಡಿದರು. ಯಾರೂ ಅವರಿಗೆ ಹಾಗೆ ಮಾಡಿ ಎಂದಿರಲಿಲ್ಲ. ಮ್ಯಾನೇಜರ್ ಸಾಹೇಬರು ಎರಡು ಸಲ ಕೂಗಾಡಿದರು, ಆಮೇಲೆ ಬಿಟ್ಟರು. ಕಾಲಂ ಇತ್ತು, ಹೆಸರೂ ಇತ್ತು, ಅವರೇನು ಮಾಡಿಯಾರು? ಮುಂದಿನ ಬೇಸಿಗೆಯಲ್ಲಿ, ಅವರೇ ಹೇಳಿ ತಗ್ಗಿಸಿದ ಒಂದು ಚರಂಡಿ ಉಲ್ಟಾ ಹರಿಯತೊಡಗಿದಾಗ, ಅದನ್ನು ಕಂಪ್ಯೂಟರಿಗೆ ಹಾಕಲು ಗುಮಾಸ್ತನಿಗೆ ಹೇಳಿದರೆಂದೂ ಕೇಳಿದೆ. ಯಾರ ಹೆಸರಲ್ಲಿ ಹಾಕಿಸಿದರೆಂದು ನಾನು ಕೇಳಲು ಹೋಗಲಿಲ್ಲ.

ಮಸ್ಕಿಯಲ್ಲಿ ಮೊದಮೊದಲು ಗಾರೆ ಕೆಲಸದವರು ನನ್ನ ಮಾತಿಗೆ ಹುಬ್ಬಳ್ಳಿಯವರ ಮುಖ ನೋಡುತ್ತಿದ್ದರು. ಅವರು "ಅಕ್ಕಾರನ್ನ ಕೇಳ್ರಿ" ಎಂದು ನನ್ನ ಕಡೆ ಕೈ ತೋರಿಸಿ ಬೀಡಿ ಹಚ್ಚುತ್ತಿದ್ದರು. ಲಿಂಗಸುಗೂರು ರಸ್ತೆಯ ಕಡೆಯಿಂದ ಬೇರೆ ಮೊರಂ ತರಿಸಿದೆ. ಪ್ರತಿ ಲೋಡಿನಿಂದ ಒಂದು ಹಿಡಿ ತೆಗೆದು ಬಕೆಟ್ಟಿನ ನೀರಿನಲ್ಲಿ ನೆನೆಹಾಕಿ, ಜೇಡಿ ಬಿಟ್ಟುಕೊಂಡರೆ ಲಾರಿಯನ್ನು ವಾಪಸು ಕಳಿಸಿದೆ. ಲಾರಿಯವರು ಬೈದರು. ನಾನೂ ಬೈದೆ.

ಕಾಲುವೆಗೆ ನೀರು ಬಿಟ್ಟ ದಿನ ಗೋಡೆಯ ಮೇಲೆ ಕೂತು ಬುತ್ತಿ ಬಿಚ್ಚಿದೆ. ಜೋಳದ ರೊಟ್ಟಿ, ಪುಂಡಿಪಲ್ಯೆ. ಕೆಳಗೆ ಕೆಂಪು ನೀರು ನುಗ್ಗಿ ಹೋಯಿತು. ಗೋಡೆ ಹಾಗೇ ನಿಂತಿತ್ತು. ಕಂಪನಿ ಆ ದಶಕ ಮುಗಿಯುವ ಮೊದಲೇ ಮುಚ್ಚಿತು, ಕಂಪ್ಯೂಟರನ್ನು ಯಾರೋ ಹೊತ್ತುಕೊಂಡು ಹೋದರು. ನಾನು ಆಮೇಲೆ ಬೇರೆ ಬೇರೆ ಕಡೆ ಕೆಲಸ ಮಾಡಿದೆ. ಎಲ್ಲಿ ಹೋದರೂ ಆಫೀಸಿನೊಳಗೆ ಕೂರುತ್ತೀರಾ ಎಂದು ಕೇಳಿದಾಗ, ಇಲ್ಲ, ಸೈಟಿಗೇ ಕಳಿಸಿ ಎಂದೆ.