ಮಹಾದೇವಿಗೆ ಸಿಕ್ಕ ಗಣಿತ ಸ್ಪರ್ಧೆ

ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮ ಜತ್ತಕ್ಕೆ ಹೊರಟ ಬಸ್ಸಿನಲ್ಲಿ ನನ್ನ ಕಾಲೇಜಿನ ಗೆಳತಿ, ಅಸಂಗಿಯ ಮಹಾದೇವಿ, ಚೀಲದಿಂದ ಪದಕ ತೆಗೆದು ತೋರಿಸಿದಳು. ಗಡಿಯಾಚೆ ಹತ್ತಿರದಲ್ಲೇ ಇರುವ ವಿಜಯಪುರದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ನಡೆದ ಗಣಿತ ಸ್ಪರ್ಧೆಯ ಬಹುಮಾನ. ನನ್ನ ಹೊಟ್ಟೆಯಲ್ಲಿ ಕೆಂಡ ಸುರಿದಂತಾಯಿತು. ಇಂಥ ಸ್ಪರ್ಧೆಗಾಗಿ ವರ್ಷವಿಡೀ ಮೊಬೈಲ್ ಜಾಲಾಡಿದವಳು ನಾನು. ಮರಾಠಿಯಲ್ಲಿ ಹುಡುಕಿದೆ, ಇಂಗ್ಲಿಷಿನಲ್ಲಿ ಹುಡುಕಿದೆ. ಸಿಕ್ಕಿದ್ದೆಲ್ಲ ಪುಣೆ, ಮುಂಬೈ. ಅಷ್ಟು ದೂರ ಮನೆಯಲ್ಲಿ ಕಳಿಸುವುದಿಲ್ಲ.

“ಇದು ನಿನಗ ಎಲ್ಲಿ ಸಿಕ್ತವಾ?” ಎಂದೆ, ಒತ್ತಾಯದ ನಗು ತಂದುಕೊಂಡು.

“ಮೊಬೈಲ್‌ದಾಗ ಕನ್ನಡದಾಗ ಬರ್ದು ಹುಡುಕಿದ್ನಿ. ನೀ ಹುಡುಕಿಲ್ಲೇನ?”

ಹುಡುಕಿರಲಿಲ್ಲ. ಕನ್ನಡವೆಂದರೆ ನನಗೆ ಅವ್ವನ ಜೊತೆ ಜಗಳವಾಡುವ ಭಾಷೆ. ಅದರಲ್ಲಿ ಗಣಿತವೂ ಸಿಕ್ಕೀತೆಂದು ಹೊಳೆದೇ ಇರಲಿಲ್ಲ.

ಈಗ ನಾನೂ ಕನ್ನಡದಲ್ಲಿ ಹುಡುಕುತ್ತೇನೆ. ಪದಕದ ಹೊಟ್ಟೆಕಿಚ್ಚು ಹೇಗೋ ಆರಿತು. ಅವಳಿಗೆ ಹೊಳೆದದ್ದು ನನಗೆ ಹೊಳೆಯಲಿಲ್ಲವಲ್ಲ, ಆ ಕಿಚ್ಚು ಮಾತ್ರ ಇನ್ನೂ ಆರಿಲ್ಲ.