ಎಂಜಲು ಬೆರಳು

ಸಂಬಳಕ್ಕಿಂತ ಹುದ್ದೆಯ ಹೆಸರೇ ಉದ್ದವಿದ್ದ ‘ಡಿಜಿಟಲ್ ದಾಖಲಾತಿ ಸಹಾಯಕ’ ಶಿವಕಿರಣನಿಗೆ ಜಯಲಕ್ಷ್ಮಿಪುರಂನ ಪ್ರೇಮಲೀಲಮ್ಮನವರನ್ನು ಕಂಡರೆ ನಡುಕ. ಬರ್ಮಾದಿಂದ ವಲಸೆ ಬಂದು ಇಲ್ಲಿ ಲೈಬ್ರರಿಯನ್ ಆಗಿದ್ದ ಕವಿಯ ಮಗಳು ಆಕೆ. ತೀರಿಹೋದ ಅಪ್ಪನ ಕಾಗದಪತ್ರಗಳಿಗೆಲ್ಲ ಕಾವಲು. ಅವನ್ನು ಸ್ಕ್ಯಾನ್ ಮಾಡಲು ಮನೆಗೆ ಬರುತ್ತಿದ್ದ ಅವನು ಸೀನಿದರೆ ಹೊರಗೆ ಕಳಿಸುವರು, ಕಾಫಿಯನ್ನು ಗೇಟಿನಾಚೆಯೇ ಕುಡಿಸುವರು, ಹಾಳೆ ತಿರುವಲು ಬೆರಳು ನಾಲಿಗೆಯತ್ತ ಹೋದರೆ “ಎಂಜಲು ಕಣಪ್ಪ, ಎಂಜಲು” ಎಂದು ಮಣಿಕಟ್ಟನ್ನೇ ಹಿಡಿಯುವರು. ಇವತ್ತು ಸಂಜೆಯೊಳಗೆ ಎಲ್ಲವನ್ನೂ ಬಿಚ್ಚಿ ಸ್ಕ್ಯಾನ್ ಮಾಡದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದು ಕಚೇರಿಯಿಂದ ಫೋನು ಬಂದಿತ್ತು. ಉಳಿದದ್ದು ಒಂದೇ: ಕವಿ ರಂಗೂನಿನ ತಂಗಿಗೆ ಬರೆದು, ಅಂಚೆಗೆ ಹಾಕದೇ ಇಟ್ಟಿದ್ದ ಲಕೋಟೆ. ಅವನು ಬ್ಲೇಡು ಎತ್ತಿದ. “ಕುಯ್ಬೇಡ ಕಣಪ್ಪ,” ಎಂದರು ಆಕೆ, ಮೊದಲ ಸಲ ಬೇಡುವ ದನಿಯಲ್ಲಿ. “ಅಪ್ಪಾಜಿ ನೆಕ್ಕಿ ಅಂಟಿಸಿದ್ದು ಅದು. ಅವರ ಎಂಜಲು ಅಂತ ಉಳಿದಿರೋದು ಅದೊಂದೇ.” ಶಿವಕಿರಣ ಲಕೋಟೆಯನ್ನು ಮುಚ್ಚಿದಂತೆಯೇ ಗಾಜಿನ ಮೇಲಿಟ್ಟು ಸ್ಕ್ಯಾನ್ ಮಾಡಿದ. ಆಕೆ ಒಳಗೆ ಹೋಗಿ ಕಾಫಿ ತಂದು, ಕಾಗದಗಳ ಪಕ್ಕದಲ್ಲೇ ಇಟ್ಟರು.